ಜಡೆ ಪುರಾಣ

ಜಯನಗರದ ನಮ್ಮ ಮನೆಯ ಬೀರುವಿನಲ್ಲಿ ಅಜ್ಜಿಯ ಚೌರಿ ಇದೆ. ಅಜ್ಜಿ ಹೋಗಿ ಮೂವತ್ತು ವರ್ಷವಾಯಿತು. ಚೌರಿ ಮಾತ್ರ ಎರಡು ಬಾಡಿಗೆ ಮನೆ, ಒಂದು ಗೃಹಪ್ರವೇಶ ದಾಟಿ ನುಸಿಗುಳಿಗೆಯ ಪಕ್ಕ ಸುಖವಾಗಿದೆ. ಪ್ರತಿ ದೀಪಾವಳಿಗೂ ಬೀರು ಒರೆಸುವಾಗ ನನ್ನಾಕೆ ಅದನ್ನು ಹೊರಗಿಡುತ್ತಾಳೆ, ನಾನು ಒಳಗಿಡುತ್ತೇನೆ.

ಮೊನ್ನೆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಒಂದು ರಷ್ಯನ್ ಮೂಕಿ ನೋಡಿದೆ. ಯೆವ್ಗೆನಿ ಬಾವರ್ 1915ರಲ್ಲಿ ತೆಗೆದ ‘ಹಗಲುಗನಸುಗಳು’. ಹೆಂಡತಿ ಸತ್ತಾಗ ಗಂಡ ಅವಳ ಜಡೆ ಕತ್ತರಿಸಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾನೆ. ಮುಂದೊಂದು ದಿನ ಬೀದಿಯಲ್ಲಿ ಥೇಟ್ ಅವಳಂತಿರುವ ನಟಿಯನ್ನು ಕಂಡು ಬೆನ್ನು ಹತ್ತುತ್ತಾನೆ. ಇವಳೋ ಬಲು ಜೋರು. ಆ ಜಡೆಯನ್ನೇ ಕೊರಳಿಗೆ ಸುತ್ತಿಕೊಂಡು ಗೇಲಿ ಮಾಡುತ್ತಾಳೆ. ಅದರಿಂದಲೇ ಅವಳ ಕತ್ತು ಬಿಗಿದು ಕೊಲ್ಲುತ್ತಾನೆ. ಹಿನ್ನೆಲೆ ಸಂಗೀತವನ್ನು ನಮ್ಮ ಬೀದಿನಾಯಿಗಳು ಒದಗಿಸಿದವು.

ಅಳಿಸದಿದ್ದರೆ ಆ ಕಾಲದ ರಷ್ಯನ್ ಪ್ರೇಕ್ಷಕರಿಗೆ ಕೊಟ್ಟ ಕಾಸು ದಂಡವೆನಿಸುತ್ತಿತ್ತೋ ಏನೋ. ಒಳನಾಡಿಗೆ ದುಃಖಾಂತ, ಹೊರನಾಡಿಗೆ ಸುಖಾಂತ ಎಂದು ಒಂದೇ ಚಿತ್ರಕ್ಕೆ ಎರಡು ಕೊನೆ ತೆಗೆದದ್ದೂ ಉಂಟು. ನಮ್ಮ ದಾರಿ ಬೇರೆ. ಮೋಹನ್ ಭವನಾನಿ ಶೂದ್ರಕನ ನಾಟಕ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂಬ ಮೂಕಿ ಮಾಡಿದಾಗ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ನಮ್ಮ ಟಿ.ಪಿ. ಕೈಲಾಸಂ ಕೂಡ ನಟಿಸಿದ್ದರು. ಮಾತಿನ ಮಲ್ಲ ಕೈಲಾಸಂ, ಮಾತಿಲ್ಲದ ಚಿತ್ರದಲ್ಲಿ! ಆ ಕಥೆಯಲ್ಲೂ ಮೋಹದ ಹುಚ್ಚು ಹತ್ತಿದ ಶಕಾರ ವಸಂತಸೇನೆಯ ಕತ್ತು ಹಿಸುಕುತ್ತಾನೆ. ಆದರೆ ಶೂದ್ರಕ ಕರುಣಾಳು. ಅವಳನ್ನು ಬದುಕಿಸಿ, ವಧಾಸ್ಥಾನದಲ್ಲಿದ್ದ ಅವಳ ನಲ್ಲ ಚಾರುದತ್ತನೆದುರು ತಂದು ನಿಲ್ಲಿಸುತ್ತಾನೆ.

ಬದುಕದೇ ಹೋದದ್ದು ಚಿತ್ರ. ನಮ್ಮ ದೇಶದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಮೂಕಿಗಳಲ್ಲಿ ಉಳಿದವು ತೀರಾ ಕಡಿಮೆ. ನೈಟ್ರೇಟ್ ರೀಲಿಗೆ ಬೆಂಕಿಯೆಂದರೆ ಹತ್ತಿರದ ನಂಟು. ಬೆಂಕಿಗೆ ಸಿಗದ ಎಷ್ಟೋ ರೀಲುಗಳು ತಮ್ಮೊಳಗಿನ ಬೆಳ್ಳಿಯಾಸೆಗೆ ಕರಗಿದವು. ಇಡಲು ಒಂದು ಗಾಜಿನ ಪೆಟ್ಟಿಗೆ ಯಾರಿಗೂ ಹೊಳೆಯಲಿಲ್ಲ.

ನನಗೂ ಆ ರಷ್ಯನ್ ಗಂಡನ ಕಾಯಿಲೆ ಸ್ವಲ್ಪ ಇದೆ. ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಪುಟ್ಟಣ್ಣ ಚಿತ್ರಮಂದಿರ ಹೋದಮೇಲೆ ಯಾವ ಮಾಲಿನಲ್ಲಿ ಕೂತರೂ ಕಣ್ಣು ಅದನ್ನೇ ಹುಡುಕುತ್ತದೆ. ಸೀಟು ಮೆತ್ತಗಿದ್ದರೆ ಸಿಡುಕು, ತಿಗಣೆ ಕಚ್ಚಲಿಲ್ಲವೆಂದು ಬೇಸರ. ಪಾಪ, ಮಲ್ಟಿಪ್ಲೆಕ್ಸ್ ಮಾಡಿದ ತಪ್ಪೇನು? ಅದು ಪುಟ್ಟಣ್ಣ ಅಲ್ಲ, ಅಷ್ಟೇ.

ಬೆಳಿಗ್ಗೆ ನನ್ನಾಕೆಗೆ ಜಡೆಯ ಕಥೆ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡವಳು, “ಜಡೆ ಇಟ್ಕೊಂಡಿದ್ದು ತಪ್ಪಲ್ಲ ಕಣ್ರೀ. ಅದನ್ನ ತಂದು ಇನ್ನೊಬ್ಬಳಿಗೆ ಅಳತೆ ನೋಡಿದ್ದು ತಪ್ಪು” ಅಂದಳು.

ಮಧ್ಯಾಹ್ನ ಹುಳಿ ಬಡಿಸಿದಳು. ಅಜ್ಜಿಯ ಕೈರುಚಿಯ ಮಾತು ನಾಲಗೆಯ ತುದಿಯವರೆಗೂ ಬಂತು. ಮೂಕಿಚಿತ್ರದವನಂತೆ ಕೈಸನ್ನೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡೆ.