ಫೈವ್ ಪಾಯಿಂಟ್ ವನ್ ರಾಯರು

ಮುಂಬೈ ಲೋಕಲ್ಲಿನಲ್ಲಿ ಕಲ್ಯಾಣ ಬಿಟ್ಟು ಕಸಾರಾ ಕಡೆ ತಿರುಗಿದರೆ ಮೊದಲ ಸ್ಟೇಷನ್ನೇ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆ, ಉಲ್ಲಾಸ ನದಿ, ಉಳಿದ ಜಾಗದಲ್ಲೆಲ್ಲ ಬಿಲ್ಡಿಂಗು. ಅಂಥ ಬಿಲ್ಡಿಂಗಿನಲ್ಲಿ ನಾಲ್ಕು ಕನ್ನಡದ ಮನೆಗಳಿದ್ದರೆ ಒಂದು ಫೈವ್ ಪಾಯಿಂಟ್ ವನ್ ರಾಯರದು ಎಂದೇ ಲೆಕ್ಕ. ಅವರು ಶೆಟ್ಟರೂ ಆಗಿರಬಹುದು, ಕುಲಕರ್ಣಿಯೂ ಆಗಿರಬಹುದು. ಜಾತಿ ಮಾತ್ರ ಹೋಮ್ ಥಿಯೇಟರ್: ಐದು ಸ್ಪೀಕರು, ಪಾಯಿಂಟ್ ವನ್ ಲೆಕ್ಕಕ್ಕೆ ಒಂದು ಸಬ್‌ವೂಫರ್.

ಮನೆ ಒನ್ ಬಿಎಚ್‌ಕೆ. ಬಂದವರಿಗೆ ರಾಯರು 'ಬನ್ನಿ ಬನ್ನಿ' ಅನ್ನುವುದಿಲ್ಲ, 'ವೈರು, ವೈರು' ಅನ್ನುತ್ತಾರೆ. ಸೋಫಾ ಗೋಡೆಗೇ ಅಂಟಿರುವುದರಿಂದ ಹಿಂದಿನ ಸ್ಪೀಕರುಗಳಿಗೆ ಹಿಂದೆ ಅಂತ ಜಾಗವೇ ಇಲ್ಲ. ಒಂದು ಅಡುಗೆಮನೆ ಬಾಗಿಲ ಮೇಲೆ ಕೂತಿದೆ. ಇನ್ನೊಂದು ದೇವರ ಮಂಟಪದಲ್ಲಿ, ವೆಂಕಟರಮಣನ ಬಲಗಡೆ. ಅಕ್ಕಿ ಡಬ್ಬಿಯ ಜಾಗಕ್ಕೆ ಸಬ್‌ವೂಫರ್ ಬಂದು ಅಕ್ಕಿ ಮಂಚದ ಕೆಳಗೆ ಹೋಗಿದೆ.

ಇವಕ್ಕೆಲ್ಲ ಯಜಮಾನ ಒಂದು ಕಂಪ್ಯೂಟರ್. ಮಗ ಲ್ಯಾಪ್‌ಟಾಪ್ ಕೊಂಡಮೇಲೆ ನಿರುದ್ಯೋಗಿಯಾಗಿದ್ದ ಸಿಪಿಯುಗೆ ರಾಯರು ಮರುಜನ್ಮ ಕೊಟ್ಟರು. ಅದರಲ್ಲಿ ಸಿನಿಮಾ ಓಡಿಸಲು ಕೋಡಿ ಅನ್ನುವ ತಂತ್ರಾಂಶ. ಮೂಲತಃ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಹುಟ್ಟಿದ್ದು, 2014ರಲ್ಲಿ ಈ ಹೆಸರು ಬಂತು ಎಂಬ ವಂಶಾವಳಿಯನ್ನು ಕೇಳದೆ ನಿಮಗೆ ಕಾಫಿ ಸಿಗದು. 'ಟಿವಿಗೇ ಒಂದು ಸ್ಟಿಕ್ ಸಿಕ್ಕಿಸಿದರೆ ಮುಗೀತಲ್ಲ?' ಅಂದಿರೋ, ರಾಯರು ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. 'ಅದರಲ್ಲಿ ಕಂಟ್ರೋಲ್ ನಮ್ಮ ಕೈಲಿರೋಲ್ಲ.' ಹೀಗೆನ್ನುವಾಗ ತೊಡೆಯ ಮೇಲಿನ ಕೀಬೋರ್ಡಿಗೂ ಪರದೆಗೂ ಸಂಬಂಧ ಕಡಿದಿರುತ್ತದೆ.

ಆಂಪ್ಲಿಫೈಯರ್ ಬಂದದ್ದು ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಿಂದ. ಗ್ರ್ಯಾಂಟ್ ರೋಡಿನಲ್ಲಿ ಹತ್ತಿ, ದಾದರಿನಲ್ಲಿ ಲೈನು ಬದಲಿಸಿ, ಸಂಜೆಯ ಟಿಟ್ವಾಲಾ ಲೋಕಲ್ಲಿಗೆ ನುಗ್ಗಬೇಕು. ಆ ಗಾಡಿಯಲ್ಲಿ ಒಬ್ಬ ಮನುಷ್ಯ ಎರಡು ಕಾಲೂರಿ ನಿಲ್ಲುವುದೇ ಭಾಗ್ಯ. ರಾಯರು ಡಬ್ಬಿಯನ್ನು ಎದೆಗವಚಿಕೊಂಡೇ ನಿಂತರು. ಡೊಂಬಿವಲಿಯಲ್ಲಿ ಇಳಿಯುವ ಜನ ಅವರನ್ನೂ ಇಳಿಸಿತು, ಹತ್ತುವ ಜನ ಮತ್ತೆ ಹತ್ತಿಸಿತು. ಡಬ್ಬಿಗೆ ಒಂದು ಗೀರಿಲ್ಲ. ಚೊಚ್ಚಲ ಮಗನನ್ನೂ ಆಸ್ಪತ್ರೆಯಿಂದ ಇಷ್ಟು ಜೋಪಾನವಾಗಿ ತಂದಿರಲಿಲ್ಲ ಎನ್ನುವುದು ಅವರ ಹೆಂಡತಿಯ ಸಾಕ್ಷ್ಯ.

ನೀವು ಸಿನಿಮಾಕ್ಕೆಂದು ಬಂದಿದ್ದರೂ ನೋಡುವುದು ಡೆಮೊ. 1993ರ ಜುರಾಸಿಕ್ ಪಾರ್ಕ್. ಡಿಟಿಎಸ್ ಧ್ವನಿಯೊಂದಿಗೆ ಬಂದ ಮೊದಲ ಚಿತ್ರ ಅನ್ನುವ ಪೀಠಿಕೆಯಾದ ಮೇಲೆ ಡೈನೋಸಾರ್ ಹೆಜ್ಜೆಗೆ ಲೋಟದ ನೀರು ನಡುಗುವ ದೃಶ್ಯ. ಅಡುಗೆಮನೆಯಲ್ಲೂ ಲೋಟಗಳು ಗಲಗಲ ಅನ್ನುತ್ತವೆ. 'ಕೇಳಿದಿರಾ? 120 ಹರ್ಟ್ಸ್‌ಗಿಂತ ಕೆಳಗಿನದು!' ಎಂದು ರಾಯರು ಹಿಗ್ಗುತ್ತಾರೆ. ಒಳಗಿಂದ ಉತ್ತರ ಬರುತ್ತದೆ: 'ರೀ, ಅದು ನಾಸಿಕದ ಮೇಲ್ ಗಾಡಿ. ನಿಮ್ಮ ವೂಫರ್ ಸ್ವಿಚ್ಚೇ ಹಾಕಿಲ್ಲ.'

ಆಮೇಲೆ ರಿಪೇರಿ ಪರ್ವ. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಧ್ವನಿ ಮುಂದೆ ಓಡಿರುತ್ತದೆ; ನಾಯಕಿ ಬಾಯಿ ತೆರೆಯುವ ಮೊದಲೇ ಅತ್ತಿರುತ್ತಾಳೆ. ರಾಯರು ಧ್ವನಿಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತಡೆದು ನಿಲ್ಲಿಸುತ್ತಾರೆ. ಅಷ್ಟರಲ್ಲಿ ಇನ್ನೊಂದು ದೋಷ ಕಣ್ಣಿಗೆ ಬೀಳುತ್ತದೆ: ಸಿನಿಮಾ ಸೆಕೆಂಡಿಗೆ 24 ಚಿತ್ರ, ಪರದೆ 60 ಸಲ ಮಿಟುಕುತ್ತದೆ, ಲೆಕ್ಕ ಕೂಡುವುದಿಲ್ಲ, ಕ್ಯಾಮೆರಾ ಪಕ್ಕಕ್ಕೆ ಹೊರಳಿದಾಗ ಚಿತ್ರ ತುಸು ಎಡವುತ್ತದೆ. ನಿಮಗೇನೂ ಕಂಡಿರಲಿಲ್ಲ. ಅವರು ತೋರಿಸಿಕೊಟ್ಟ ಮೇಲೆ ಬೇರೇನೂ ಕಾಣುವುದಿಲ್ಲ. ಸರಿಪಡಿಸಲು ರೀಸ್ಟಾರ್ಟ್ ಮಾಡಿದರೆ ಅಪ್‌ಡೇಟ್ ಶುರು. ಆ ಶೇಕಡಾ ಅಂಕಿ ಏರುವುದನ್ನು ಮನೆಮಂದಿಯೆಲ್ಲ ನೋಡುವ ತನ್ಮಯತೆ ಯಾವ ಸಿನಿಮಾಕ್ಕೂ ದಕ್ಕಿಲ್ಲ.

ಆ ಹಾಲಿನಲ್ಲಿ ಕೊನೆಯವರೆಗೆ ಓಡಿದ ಚಿತ್ರ ಒಂದೇ, 1972ರ ಬಂಗಾರದ ಮನುಷ್ಯ. ಊರಿಂದ ಬಂದ ಅತ್ತೆ ಕೇಳಿದ್ದರು. ಅದು ಮೋನೋ ಕಾಲದ ಚಿತ್ರ; ರಾಯರ ಡಾಲ್ಬಿ ಸಂಸ್ಕಾರ ಮುಗಿಸಿಕೊಂಡು ಧ್ವನಿಯೆಲ್ಲ ನಡುವಿನ ಒಂದೇ ಡಬ್ಬಿಗೆ ಬಂತು, ಮಿಕ್ಕವಕ್ಕೆಲ್ಲ ರಜೆ. ಅತ್ತೆ ಮನಸಾರೆ ಅತ್ತರು. ರಾಯರು ಮಾತ್ರ ವೆಂಕಟರಮಣನ ಪಕ್ಕದ ಸ್ಪೀಕರಿಗೆ ಕಿವಿಯಿಟ್ಟು 'ಇದೇನೂ ಮಾತಾಡ್ತಿಲ್ಲವಲ್ಲ' ಎಂದು ಸ್ಕ್ರೂಡ್ರೈವರ್ ಹುಡುಕುತ್ತಿದ್ದರು.

ರಾಯರು ಭಾನುವಾರ ಸಿನಿಮಾಕ್ಕೆ ಕರೆದರೆ ತಪ್ಪದೆ ಹೋಗಿ. ಸಿನಿಮಾ ನೋಡಲೇಬೇಕಿದ್ದರೆ ಅದನ್ನು ಕಲ್ಯಾಣದಲ್ಲೇ ನೋಡಿಕೊಂಡು ಹೋಗಿ. ಊಟಕ್ಕೆ ಮಾತ್ರ ರಾಯರ ಮನೆಯೇ ಆಗಬೇಕು. ಅವರ ಹೆಂಡತಿಯ ಹುರುಳಿ ಸಾರಿಗೆ ಯಾವ ಸೆಟಿಂಗೂ ಬೇಕಾಗಿಲ್ಲ.