ಬಿಟ್ಟಿ ಬಂಡವಾಳಶಾಹಿ

(2021ರ ಡಿಸೆಂಬರ್ ಕೊನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಅಳಿಯನ ಮನೆ. ಮಂಡ್ಯದ ಮಾವ ಕಾಫಿ ಲೋಟದೊಂದಿಗೆ.)

ಮಾವ: ಅಳಿಯಂದಿರೇ, ಎದ್ದ ತಕ್ಷಣ ಮೊಬೈಲಲ್ಲಿ ಅದೇನು ಉಜ್ತಾ ಕೂರ್ತೀರಿ?

ಅಳಿಯ: ರಾಬಿನ್‌ಹುಡ್ ಮಾವ. 2013ರಲ್ಲಿ ಇಬ್ಬರು ಹುಡುಗರು ಕಟ್ಟಿದ ಕಂಪನಿ. ಷೇರು ಕೊಂಡ್ರೆ ಕಮಿಷನ್ನೇ ಇಲ್ಲ!

ಮಾವ: ನಮ್ಮ ಜಾತ್ರೇಲಿ ಕಮಿಷನ್ ಇಲ್ದೆ ದನದ ದಲ್ಲಾಳಿ ಬೆರಳು ಹಿಡಿದು ಬೆಲೆ ಕುದುರಿಸೋಕೆ ಟವೆಲ್ಲೇ ಮುಚ್ಚಲ್ಲ. ಇವರ ಹೊಟ್ಟೆಪಾಡು?

ಅಳಿಯ: ನಮ್ಮ ಆರ್ಡರುಗಳನ್ನ ದೊಡ್ಡ ಕಂಪನಿಗಳಿಗೆ ಕಳಿಸ್ತಾರೆ. ಅವರು ಇವರಿಗೆ ದುಡ್ಡು ಕೊಡ್ತಾರೆ.

ಮಾವ: ಅಲ್ಲಿಗೆ ಟವೆಲ್ ಇದೆ, ಬೆರಳು ನಿಮಗೆ ಕಾಣಲ್ಲ ಅಷ್ಟೇ!

ಅಳಿಯ: ಅದನ್ನ ಸರಿಯಾಗಿ ಹೇಳಲಿಲ್ಲ ಅಂತ 2020ರಲ್ಲಿ ಇಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ 6.5 ಕೋಟಿ ಡಾಲರ್ ದಂಡ ಹಾಕ್ತು. ತಪ್ಪು ಒಪ್ಪಿಕೊಳ್ಳದೇನೇ ಕಟ್ಟಿದ್ರು.

ಮಾವ: ಭೇಷ್!

ಅಳಿಯ: ಈ ಜನವರೀಲಿ ಗೇಮ್‌ಸ್ಟಾಪ್ ಷೇರು ಮೇಲೆ ಹಾರಿದಾಗ ಕೊಳ್ಳೋ ಗುಂಡೀನೇ ಕಿತ್ರು. ಮಾರೋದಕ್ಕೆ ಅಡ್ಡಿಯಿಲ್ಲ. ವ್ಯಾಪಾರದ ಲೆಕ್ಕ ಚುಕ್ತಾ ಮಾಡೋ ಕ್ಲಿಯರಿಂಗ್ ಸಂಸ್ಥೆ ಬೆಳಗಿನ ಜಾವ 300 ಕೋಟಿ ಡಾಲರ್ ಠೇವಣಿ ಕೇಳಿತ್ತಂತೆ. ಮೊದಲ ವ್ಯಾಪಾರಕ್ಕೆ ಪರದೆ ಮೇಲೆ ಬಣ್ಣದ ಕಾಗದ ಸುರೀತಿತ್ತು, ಜೂಜಾಟ ಅಂತ ಬೈದ್ರು, ಅದೂ ಹೋಯ್ತು.

ಮಾವ: ಇಷ್ಟೆಲ್ಲ ಗೊತ್ತಿದ್ದೂ...?

ಅಳಿಯ: ಜುಲೈನಲ್ಲಿ ರಾಬಿನ್‌ಹುಡ್ ಕಂಪನಿ ಷೇರನ್ನೇ ಕೊಂಡೆ. 38 ಡಾಲರ್.

ಮಾವ: ಈಗೆಷ್ಟು?

ಅಳಿಯ: 20ರ ಕೆಳಗೆ... ಆದ್ರೆ ಮಾವ, ಕಮಿಷನ್ ಒಂದು ಸೆಂಟೂ ಕೊಟ್ಟಿಲ್ಲ!