ಬದ್ನಿಕಾಯಿ ಹೊಟ್ಟ್ಯಾಗ ಬ್ರೆಡ್ಡು

ಹಬ್ಬದಡಿಗೆ ಎಂದರೆ ತುಂಬುವ ಕೆಲಸ. ಕಣಕದೊಳಗೆ ಹೂರಣ ತುಂಬಬೇಕು, ಕಡಬಿನೊಳಗೆ ಬೆಲ್ಲ ತುಂಬಬೇಕು, ಬದನೆಕಾಯಿಯೊಳಗೆ ಮಸಾಲೆ ತುಂಬಬೇಕು, ಕೊನೆಗೆ ಇದೆಲ್ಲವನ್ನೂ ಬೀಗರೊಳಗೆ ತುಂಬಬೇಕು. ಮೊದಲಿನ ಮೂರು ಸುಲಭ, ಅವು ಸಾಕು ಅನ್ನುವುದಿಲ್ಲ. ಬೀಗರು ಅನ್ನುತ್ತಾರೆ. ಆದರೆ ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯಲ್ಲಿ ಆ ಮಾತನ್ನು ಕೇಳಿಸಿಕೊಂಡವರು ಯಾರೂ ಇಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದವರ ಕೈಮೇಲೆಯೇ ಹೋಳಿಗೆ ಬೀಳುತ್ತದೆ, ಹೋಳಿಗೆಯ ಮೇಲೆ ತುಪ್ಪ ಬೀಳುತ್ತದೆ, ಆಮೇಲೆ ‘ಏನ್ರೀ, ಉಣ್ಲೇ ಇಲ್ಲ’ ಎಂಬ ಆರೋಪವೂ ಬೀಳುತ್ತದೆ.

ಇಂಥ ಸೀಮೆಯ ನಮ್ಮ ಗುಂಡಗುರ್ತಿಗೆ ಅಣ್ಣನ ಮಗಳು ಎಳ್ಳಮಾಸಿಗೆಂದು ಅಮೆರಿಕದಿಂದ ಬಂದಳು. ಬಂದವಳು ಸುಮ್ಮನೆ ಉಂಡು ಹೋಗಬಹುದಿತ್ತು. ಅವಳ ಬ್ಯಾಗಿನಲ್ಲಿ ಉತ್ಸಾಹ ಬಹಳವಿತ್ತು.

“ಕಾಕಾ, ಈ ಸಲ ನಾನೂ ಒಂದ್ ಅಡಿಗಿ ಮಾಡ್ತೀನಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕ ಅಲ್ಲಿ ಮನಿಮನ್ಯಾಗ ಮಾಡ್ತಾರಲ್ಲ, ಸ್ಟಫಿಂಗ್, ಅದು.”

ನಮ್ಮವ್ವ ಶೇಂಗಾ ಹುರಿಯುತ್ತಿದ್ದವಳು ತಲೆ ಎತ್ತಿದಳು. “ಅದರಾಗ ಏನೇನ್ ಹಾಕ್ತಾರ?”

“ಬ್ರೆಡ್, ಆಯಿ.”

“ಬ್ರೆಡ್ಡಾ? ಯಾರಿಗ ಆರಾಮಿಲ್ಲ?”

ಈ ಪ್ರಶ್ನೆಯ ಹಿಂದೆ ನಮ್ಮ ಭಾಗದ ಇಡೀ ವೈದ್ಯಶಾಸ್ತ್ರವಿದೆ. ನಮ್ಮಲ್ಲಿ ಆರೋಗ್ಯವಂತರು ಜೋಳದ ರೊಟ್ಟಿ ತಿನ್ನುತ್ತಾರೆ, ಜ್ವರ ಬಂದವರು ಬ್ರೆಡ್ ತಿನ್ನುತ್ತಾರೆ. ದವಾಖಾನೆಗೆ ಮಾತಾಡಿಸಲು ಹೋಗುವವರ ಕೈಯಲ್ಲಿ ಒಂದು ಬ್ರೆಡ್ ಪಾಕೀಟು, ಒಂದಿಷ್ಟು ಮೋಸಂಬಿ ಇರಲೇಬೇಕು. ಗಟ್ಟಿಯಾಗಿರುವ ಮನುಷ್ಯ ಬ್ರೆಡ್ ಕೊಂಡರೆ ಅಂಗಡಿಯವರೂ ಅವನ ಮುಖವನ್ನು ಒಮ್ಮೆ ನೋಡಿಯೇ ಚಿಲ್ಲರೆ ಕೊಡುತ್ತಾರೆ. ಅಂಥ ರೋಗಿಯ ಆಹಾರವನ್ನು ಹಬ್ಬದ ದಿನ, ಅದೂ ಹೊಲದಲ್ಲಿ ಭೂಮಿತಾಯಿಯ ಮುಂದೆ ಇಡುವುದೆಂದರೆ!

“ಹ್ವಾದ್ರ ಹೋಗ್ಲಿ, ಅದನ್ನ ಎದರಾಗ ತುಂಬ್ತಾರ?”

ಇಲ್ಲಿ ನನ್ನ ಮಗಳಂಥ ಹುಡುಗಿ ನನ್ನ ಮುಖ ನೋಡಿದಳು. ನಮ್ಮದು ಲಿಂಗ ಕಟ್ಟಿದ ಮನೆ. ಆದರೂ ಸತ್ಯ ಹೇಳಬೇಕಾಯಿತು: ಟರ್ಕಿ ಎಂಬ ದೊಡ್ಡ ಕೋಳಿಯ ಹೊಟ್ಟೆಯಲ್ಲಿ ತುಂಬುತ್ತಾರೆ.

ಅವ್ವ ಬಹಳ ಹೊತ್ತು ವಿಚಾರ ಮಾಡಿದಳು. ಬೈಯುತ್ತಾಳೆಂದು ನಾವು ಕಾದೆವು. ಅವಳು ಕೇಳಿದ್ದು ಬೇರೆ: “ಕೋಳಿ ಸತ್ತ ಮ್ಯಾಲೆ ಅದರ ಹೊಟ್ಟಿ ತುಂಬಿಸಿದ್ರ ಏನ್ ಬಂತು? ಜೀಂವ ಇದ್ದಾಗ ಹಾಕಿದ್ರ ತಿಂತಿದ್ದಿಲ್ಲೇನು?”

ಅಮೆರಿಕದ ಅಧ್ಯಕ್ಷ ಲಿಂಕನ್ 1863ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನು ದೇಶಕ್ಕೆಲ್ಲ ಸಾರಿದ. 1941ರಲ್ಲಿ ಅಲ್ಲಿಯ ಸಂಸತ್ತು ನವೆಂಬರಿನ ನಾಲ್ಕನೆಯ ಗುರುವಾರವೇ ಎಂದು ಕಾಯಿದೆ ಮಾಡಿತು. ಸುಗ್ಗಿಯ ಕೃತಜ್ಞತೆಯ ಹಬ್ಬ. ಇದನ್ನು ಹೇಳಿದಾಗ ಅವ್ವ ಸ್ವಲ್ಪ ಮೆತ್ತಗಾದಳು. ಸುಗ್ಗಿ ಅವಳ ಖಾತೆ. ನಮ್ಮ ಎಳ್ಳಮಾಸಿಯೂ ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ, ಬಿಳಿಜೋಳ ಎದೆಯುದ್ದ ನಿಂತು, ತೊಗರಿ ಒಣಗಿ, ಕಡಲೆ ಕಾಯಿ ಕಟ್ಟಿದಾಗಲೇ ಬರುತ್ತದೆ. “ಹಂಗಾರ ಅವರೂ ಒಕ್ಕಲಿಗ್ಯಾರೇ ಅನ್ನು. ಕೋಳಿ ಬಿಡು, ಬದ್ನಿಕಾಯಾಗ ತುಂಬು” ಎಂದು ಅಪ್ಪಣೆಯಾಯಿತು. ಹೀಗೆ ಟರ್ಕಿಯ ಸ್ಥಾನಕ್ಕೆ ನಮ್ಮ ಮುಳ್ಳುಗಾಯಿ ಅವಿರೋಧವಾಗಿ ಆಯ್ಕೆಯಾಯಿತು.

ಬ್ರೆಡ್ ತರುವ ಕೆಲಸ ನನ್ನದು. ಊರಿನ ಅಂಗಡಿಯ ಸಿಹಿ ಬ್ರೆಡ್ ನಡೆಯುವುದಿಲ್ಲ, ಸಪ್ಪನೆಯದೇ ಬೇಕು ಎಂದು ಅವಳು ಹಟ ಹಿಡಿದಿದ್ದರಿಂದ ವಾಡಿಗೆ ಹೋದೆ. ಡಬಲ್ ರೋಟಿಯ ವಿಷಯಕ್ಕೆ ವಾಡಿ ಜಂಕ್ಷನ್ನಿನಷ್ಟು ಯೋಗ್ಯ ಊರು ನಮ್ಮಲ್ಲಿ ಇನ್ನೊಂದಿಲ್ಲ. 1874ರಲ್ಲಿ ನಿಜಾಮರ ರೈಲು ಹೈದರಾಬಾದ್ ಕಡೆಯಿಂದ ಬಂದು ಮುಂಬೈ ರೈಲನ್ನು ಕೂಡಿದ್ದು ಇಲ್ಲಿಯೇ. ರೈಲು ಕೂಡಿದಲ್ಲಿ ಕಾಯುವ ಜನ, ಜನ ಕಾಯುವಲ್ಲಿ ಚಹಾ, ಚಹಾ ಇದ್ದಲ್ಲಿ ಬ್ರೆಡ್ಡು. ನಿಜಾಮರ ಕಾಲದಿಂದ ಬಂದ ಇನ್ನೊಂದು ಪದಾರ್ಥವನ್ನು ಅವ್ವ ಮರೆತಿದ್ದಳು. ಕಲಬುರಗಿಯ ಮದುವೆಗಳಲ್ಲಿ ‘ಡಬಲ್ ಕಾ ಮೀಠಾ’ ಬಡಿಸಿದಾಗ ಯಾರ ಆರೋಗ್ಯವನ್ನೂ ಯಾರೂ ವಿಚಾರಿಸುವುದಿಲ್ಲ. ತುಪ್ಪದಲ್ಲಿ ಕರಿದು, ಪಾಕದಲ್ಲಿ ಅದ್ದಿ, ಹಾಲು-ಕೇಸರಿ ಸುರಿದರೆ ಬ್ರೆಡ್ಡಿನ ರೋಗವೆಲ್ಲ ವಾಸಿಯಾಗುತ್ತದೆ.

ತಂದ ಬ್ರೆಡ್ಡನ್ನು ಹುಡುಗಿ ಚೌಕ ಚೌಕ ಹರಿದು ಮಾಳಿಗೆಯ ಮೇಲೆ ಒಣಹಾಕಿದಳು. ನಮ್ಮ ಮಾಳಿಗೆಗೆ ಶಹಾಬಾದದ ಫರಸಿ ಹಾಸಿದೆ. ಡಿಸೆಂಬರಿನಲ್ಲೂ ಮಧ್ಯಾಹ್ನಕ್ಕೆ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಅದು ಕಾಯುತ್ತದೆ. ಅಮೆರಿಕದಲ್ಲಿ ಇದಕ್ಕಾಗಿ ಓವನ್ ಹಚ್ಚುತ್ತಾರಂತೆ. ನಮ್ಮ ಮಾಳಿಗೆಗೆ ಕರೆಂಟ್ ಬಿಲ್ ಬರುವುದಿಲ್ಲ.

ಆದರೆ ಮಾಳಿಗೆಯ ಮೇಲಿನ ಬ್ರೆಡ್ಡು ಓಣಿಗೆಲ್ಲ ಕಾಣುತ್ತದೆ. ಸಂಜೆಯ ಹೊತ್ತಿಗೆ ಮೊದಲ ನೆರೆಮನೆಯವರು ಬಂದರು. “ಎಲ್ಲರಿಗೂ ಒಮ್ಮೆಲೇ ಬಂತೇನ್ರಿ? ಟೈಫಾಯ್ಡ್ ಏನು?” ಅವರ ಹಿಂದೆ ಇನ್ನೊಬ್ಬರು ಮೋಸಂಬಿ ಸಮೇತ ಬಂದರು. ಅಮೆರಿಕದ ನೀರಿನಿಂದ ಹುಡುಗಿಗೆ ಏನೋ ಆಗಿದೆ, ಅದಕ್ಕೇ ಅಷ್ಟು ದೂರದಿಂದ ಕರೆತಂದಿದ್ದಾರೆ ಎಂಬ ಸುದ್ದಿ ರಾತ್ರಿಯೊಳಗೆ ಅಗಸಿ ಮುಟ್ಟಿತು. ಮೋಸಂಬಿಯನ್ನು ನಾವು ಬೇಡವೆನ್ನಲಿಲ್ಲ.

ಬ್ರೆಡ್ಡನ್ನು ಯಾಕೆ ಒಣಗಿಸಬೇಕು? ಬ್ರೆಡ್ ಹಳತಾಗುವುದೆಂದರೆ ಬರೀ ನೀರಾರುವುದಲ್ಲ. ಬೇಯುವಾಗ ಸಡಿಲಾದ ಪಿಷ್ಟ ತಣ್ಣಗಾದಂತೆ ಮತ್ತೆ ಬಿಗಿದುಕೊಳ್ಳುತ್ತದೆ. ಹೀಗೆ ಬಿಗಿದು ಒಣಗಿದ ತುಂಡು ಸಾರು ಹೀರಿದರೂ ಮುದ್ದೆಯಾಗುವುದಿಲ್ಲ. ತಾಜಾ ಬ್ರೆಡ್ ಹಾಕಿದರೆ ಗಂಜಿ. ಆದ್ದರಿಂದ ಈ ಅಡಿಗೆಗೆ ತಂಗಳವೇ ಶ್ರೇಷ್ಠ. ಅಮೆರಿಕನ್ನರು ಇದರಲ್ಲಿ ಎಷ್ಟು ಮುಂದುವರಿದಿದ್ದಾರೆಂದರೆ, 1972ರಿಂದ ‘ಸ್ಟೋವ್ ಟಾಪ್’ ಎಂಬ ಹೆಸರಿನಲ್ಲಿ ಒಣಗಿದ ಬ್ರೆಡ್ ತುಣುಕಿಗೆ ಮಸಾಲೆ ಸೇರಿಸಿ ಡಬ್ಬಿಯಲ್ಲಿ ಮಾರುತ್ತಿದ್ದಾರೆ. “ತಂಗಳಕ್ಕ ರೊಕ್ಕ ಕೊಡ್ತಾರಾ?” ಎಂದು ಅವ್ವ ನಕ್ಕಳು. ನಾನು ಗೂಡಿನಲ್ಲಿದ್ದ ಖಡಕ್ ರೊಟ್ಟಿಯ ಕಟ್ಟನ್ನು ತೋರಿಸಿದೆ. ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ನಮ್ಮ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ದೇಶಕ್ಕೆಲ್ಲ ಕಳಿಸುವುದು ಏನು? ಅವ್ವನ ಪ್ರಕಾರ ಅದು ತಂಗಳಲ್ಲ, ಖಡಕ್. ವಾದ ಅಲ್ಲಿಗೆ ಮುಗಿಯಿತು, ಏಕೆಂದರೆ ಮನೆಯಲ್ಲಿ ಹಾಗೆಯೇ ಮುಗಿಯುತ್ತದೆ.

ಹಬ್ಬದ ದಿನ ನಸುಕಿನಲ್ಲಿ ಹಿತ್ತಲ ಒಲೆಯ ಮುಂದೆ ಮೊಮ್ಮಗಳು ಫೋನ್ ಹಿಡಿದು ಕುಳಿತಳು. ಲೆಕ್ಕ ಹೀಗಿತ್ತು: ಅರ್ಧ ಕಿಲೋ ಒಣ ಬ್ರೆಡ್ಡಿಗೆ ಹತ್ತಿರ ಹತ್ತಿರ ಇನ್ನೂರು ಗ್ರಾಂ ಬೆಣ್ಣೆ, ಎರಡು ದೊಡ್ಡ ಉಳ್ಳಾಗಡ್ಡಿ, ಅಷ್ಟೇ ಸೆಲರಿ ದಂಟು, ಸೇಜ್ ಮತ್ತು ಥೈಮ್ ಎಂಬ ಸೊಪ್ಪುಗಳು, ಎರಡೂವರೆ ಕಪ್ ಕೋಳಿಯ ಸಾರು, ಎರಡು ತತ್ತಿ. ಇದರಲ್ಲಿ ಗುಂಡಗುರ್ತಿಯಲ್ಲಿ ಸಿಕ್ಕಿದ್ದು ಬೆಣ್ಣೆ ಮತ್ತು ಉಳ್ಳಾಗಡ್ಡಿ. ಉಳಿದುದಕ್ಕೆ ಅವ್ವನೇ ಹಣಕಾಸು ಮಂತ್ರಿಯಾದಳು. ಸೆಲರಿಯ ಬದಲು ಕೊತ್ತಂಬರಿ ದಂಟು, ಸೇಜಿನ ಬದಲು ಅಜವಾನ, ತತ್ತಿಯ ಬದಲು ಕಡಲಿಹಿಟ್ಟು, ಕೋಳಿಸಾರಿನ ಬದಲು ತೊಗರಿಬ್ಯಾಳಿ ಕಟ್ಟು. ಈ ಕೊನೆಯದು ಹೆಮ್ಮೆಯ ಬದಲಾವಣೆ. ನಮ್ಮ ನೆಲದ ಕೆಳಗೆ ಸುಣ್ಣದಕಲ್ಲು, ಮೇಲೆ ಕರಿಮಣ್ಣು. ಆ ಕಲ್ಲನ್ನು ಸೀಳಿದರೆ ಫರಸಿ, ಸುಟ್ಟು ಬೀಸಿದರೆ ವಾಡಿ-ಸೇಡಂನ ಸಿಮೆಂಟು, ಅದರ ಮೇಲೆ ಬಿತ್ತಿದರೆ 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿ. ಜಿಐ ಸಾರು ಕುಡಿದ ಸ್ಟಫಿಂಗ್ ಅಮೆರಿಕದಲ್ಲೂ ಇರಲಿಕ್ಕಿಲ್ಲ.

ಬೆಣ್ಣೆ ಕರಗಿತು, ಉಳ್ಳಾಗಡ್ಡಿ ಕೆಂಪಾಯಿತು, ಅಜವಾನ ಚಟಪಟ ಅಂದಿತು, ಬ್ರೆಡ್ ತುಂಡುಗಳು ಬಿದ್ದವು, ಕಟ್ಟು ಸುರಿಯಿತು. ಅವ್ವ ಮೂಗರಳಿಸಿ ಹತ್ತಿರ ಬಂದು ಪಾತ್ರೆಯೊಳಗೆ ನೋಡಿದಳು.

“ಅಯ್ಯ, ಇದು ನಮ್ಮ ಒಗ್ಗರಣಿ ರೊಟ್ಟಿ!”

ಹೌದಲ್ಲ! ರಾತ್ರಿ ಉಳಿದ ರೊಟ್ಟಿಯನ್ನು ಮುರಿದು, ನೀರು ಚಿಮುಕಿಸಿ, ಉಳ್ಳಾಗಡ್ಡಿ-ಮೆಣಸಿನಕಾಯಿಯ ಒಗ್ಗರಣೆಯಲ್ಲಿ ತಿರುವಿ ಮುಂಜಾನೆ ಮಕ್ಕಳಿಗೆ ಕೊಡುವ ತಿಂಡಿ. ಶಾಲೆಗೆ ಹೊತ್ತಾದ ದಿನದ ಅಡಿಗೆ. ಅದಕ್ಕಾಗಿ ಅಮೆರಿಕದಲ್ಲಿ ರಜೆ ಕೊಟ್ಟು, ವಿಮಾನ ಹತ್ತಿ, ಕುಟುಂಬವೆಲ್ಲ ಸೇರುತ್ತದೆ ಎಂಬುದು ಅವ್ವನಿಗೆ ಜೀರ್ಣವಾಗಲಿಲ್ಲ. “ಹಬ್ಬದ ದಿನ ತಂಗಳ ರೊಟ್ಟಿ ಒಗ್ಗರಣಿ ಯಾರರ ಮಾಡ್ತಾರೇನು? ಮಂದಿ ಏನಂದಾರು?”

“ಆಯಿ, ಮಾಲ್ದಿ ಮತ್ತೇನು?” ಎಂದಳು ಮೊಮ್ಮಗಳು. ಅಮೆರಿಕಕ್ಕೆ ಹೋದರೂ ಅವಳು ಗುಂಡಗುರ್ತಿಯ ವಾದವನ್ನು ಮರೆತಿರಲಿಲ್ಲ.

ಮಾಲ್ದಿಯೂ ಮುರಿದ ರೊಟ್ಟಿಯೇ. ರೊಟ್ಟಿಯನ್ನೋ ಚಪಾತಿಯನ್ನೋ ಪುಡಿ ಮಾಡಿ, ಬೆಲ್ಲ ತುಪ್ಪ ಹಾಕಿ ಕಲಸಿ, ಯಾಲಕ್ಕಿ ಕೊಬ್ಬರಿ ಸೇರಿಸಿ ಕಟ್ಟುವುದು. ಮೊಹರಂನಲ್ಲಿ ಪೀರಲದೇವರಿಗೆ ಎಲ್ಲ ಜಾತಿಯ ಮನೆಗಳಿಂದಲೂ ಮಾಲ್ದಿ, ಚೊಂಗೆ ಹೋಗುತ್ತವೆ. ಗಡಿ ದಾಟಿದರೆ ತೆಲಂಗಾಣದಲ್ಲಿ ಬತುಕಮ್ಮನ ಕಡೆಯ ದಿನ ಇದೇ ಮಲೀದದ ಉಂಡೆ ಹಂಚುತ್ತಾರೆ. ಧಾರವಾಡದ ಕಡೆಯವರು ಗೋಧಿಯ ದಪ್ಪ ರೊಟ್ಟಿ ಬೇಯಿಸಿ ಕುಟ್ಟಿ ಮಾದಲಿ ಮಾಡಿ, ಮೇಲೆ ಹಾಲು ಸುರಿದುಕೊಂಡು ಉಂಡು ನಮ್ಮದೇ ಮೇಲು ಅನ್ನುತ್ತಾರೆ. ಅಮೆರಿಕದ ದಕ್ಷಿಣದವರಂತೂ ಬ್ರೆಡ್ಡನ್ನೇ ಬಿಟ್ಟು ಮೆಕ್ಕೆಜೋಳದ ರೊಟ್ಟಿಯನ್ನು ಪುಡಿ ಮಾಡಿ ಸ್ಟಫಿಂಗ್ ಮಾಡುತ್ತಾರೆ. ಎಲ್ಲಿ ನೋಡಿದರೂ ರೊಟ್ಟಿ ಮಾಡುವುದು ಹೊಟ್ಟೆಗೆ, ಮುರಿಯುವುದು ಹಬ್ಬಕ್ಕೆ.

ಅವ್ವ ಸೋಲಲಿಲ್ಲ. “ಮಾಲ್ದಿಗಿ ಬೆಲ್ಲಾ ತುಪ್ಪಾ ಬೀಳ್ತದ. ತುಪ್ಪಾ ಬಿದ್ದ ಮ್ಯಾಲೆ ಅದು ತಂಗಳ ಹ್ಯಾಂಗಾಗ್ತದ?” ಎಂದವಳೇ ಸ್ಟಫಿಂಗ್ ಪಾತ್ರೆಗೆ ಒಂದು ಸೌಟು ತುಪ್ಪ ಸುರಿದು, ಬೆನ್ನ ಹಿಂದಿನಿಂದ ಒಂದು ಮುಷ್ಟಿ ಗುರೆಳ್ಳು ಹಿಂಡಿಯನ್ನೂ ಉದುರಿಸಿದಳು. ಅದು ಫೋನಿನಲ್ಲಿ ಇರಲಿಲ್ಲ. ಪದಾರ್ಥ ಕಪ್ಪಗಾಯಿತು. ರುಚಿ ನೋಡಿದ ಮೇಲೆ ಯಾರೂ ದೂರು ಕೊಡಲಿಲ್ಲ.

ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿದ ಬದನೆಕಾಯಿಗಳಿಗೆ ಅದನ್ನು ತುಂಬಿ ಪಾತ್ರೆಯಲ್ಲಿ ಜೋಡಿಸಿ, ಕೆಳಗೆ ಸಣ್ಣ ಉರಿ, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕೆಂಡ ಇಟ್ಟೆವು. ಸ್ವಲ್ಪ ಹೊತ್ತಿಗೆ ಹುಡುಗಿ ಬ್ಯಾಗಿನಿಂದ ಮೊನೆಯುಳ್ಳ ಥರ್ಮಾಮೀಟರ್ ತೆಗೆದು ಒಂದು ಬದನೆಕಾಯಿಗೆ ಚುಚ್ಚಿದಳು. ಹಕ್ಕಿಯ ಹೊಟ್ಟೆಯಲ್ಲಿ ತುಂಬಿದ ಸ್ಟಫಿಂಗಿನ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು, ಇಲ್ಲದಿದ್ದರೆ ಹಸಿ ಮಾಂಸದ ರಸ ಇಳಿದು ಹೊಟ್ಟೆ ಕೆಡುತ್ತದೆ ಎಂಬುದು ಅಮೆರಿಕದ ಕೃಷಿ ಇಲಾಖೆಯ ಕಟ್ಟಪ್ಪಣೆ. ಆ ಅಭ್ಯಾಸ ಅವಳ ಕೈ ಬಿಟ್ಟಿರಲಿಲ್ಲ. ಅದೇ ವೇಳೆಗೆ ಇನ್ನೊಂದು ಮೋಸಂಬಿ ಚೀಲ ಹಿಡಿದು ಬಂದ ನೆರೆಯಾಕೆ ಬಾಗಿಲಲ್ಲೇ ನಿಂತು, “ಬದ್ನಿಕಾಯಿಗೂ ಜ್ವರ ಬಂದಾವೇನ್ರಿ?” ಎಂದರು.

ಹೊಲದಲ್ಲಿ ಪಾಂಡವರೆಂದು ಐದು ಕಲ್ಲಿಟ್ಟು ಪೂಜೆಯಾಯಿತು. ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಿಗಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಬಾನ, ಎಲ್ಲದರಲ್ಲೂ ತುಸು ತುಸು ತೆಗೆದು, ಹೊಲದ ತುಂಬ ಚೆಲ್ಲುವ ಚರಗ ಕಲಸುವಾಗ ಅವ್ವ ಸ್ಟಫಿಂಗಿನ ಪಾತ್ರೆಯ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ಒಂದು ಬದನೆಕಾಯಿ ಎತ್ತಿ ಚರಗದ ಬುಟ್ಟಿಗೆ ಹಾಕಿ, “ಭೂಮಿತಾಯಿ ಯಾವ ದೇಶದ್ದರ ಉಣ್ತಾಳ” ಎಂದಳು.

ಬೀಗರು ಉಂಡರು. ಜೋಳದ ರೊಟ್ಟಿ ಮುರಿದು, ಬ್ರೆಡ್ ತುಂಬಿದ ಬದನೆಕಾಯಿ ಹಚ್ಚಿಕೊಂಡು, ಬಹಳ ಹೊತ್ತು ಅಗಿದು ಹಿರಿಯ ಬೀಗರು ತೀರ್ಪು ಕೊಟ್ಟರು: “ರೊಟ್ಟಿಗಿ ರೊಟ್ಟಿನೇ ಪಲ್ಯಾ ಮಾಡೀರಲ್ರಿ. ಭೇಷ್!” ಮತ್ತೆ ಎರಡು ಹಾಕಿಸಿಕೊಂಡರು. ಸಾಕು ಎಂಬ ಮಾತು ಅಂದು ಅವರ ಬಾಯಿಂದಲೇ ಬರಲಿಲ್ಲ. ಸಂಜೆ ಪಾತ್ರೆ ತೊಳೆಯುವಾಗ ತಳಕ್ಕೆ ಹತ್ತಿದ್ದ ಕರಕಲು ತುಣುಕಿಗಾಗಿ ಮಕ್ಕಳು ಜಗಳಾಡಿದರು. ಯಾವ ಅಡಿಗೆಗಾದರೂ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಮಾಡಿ ನೋಡುವವರಿಗೆ ಒಂದೆರಡು ಮಾತು. ಬ್ರೆಡ್ ಎರಡು ದಿನ ಒಣಗಿರಲಿ, ಮಾಳಿಗೆಗೆ ಹಾಕುವ ಮುಂಚೆ ಓಣಿಗೆ ತಿಳಿಸಿರಿ. ಜೋಳದ ರೊಟ್ಟಿಯಲ್ಲಿ ಮಾಡುವುದಾದರೆ ಸಾರು ಅರ್ಧಕ್ಕೆ ಇಳಿಸಿರಿ; ಜೋಳದಲ್ಲಿ ಗೋಧಿಯ ಅಂಟಿಲ್ಲ, ಹೆಚ್ಚಾದರೆ ನುಚ್ಚಾಗುತ್ತದೆ. ತುಪ್ಪಕ್ಕೆ ಅಳತೆ ಹೇಳುವುದಿಲ್ಲ, ಹೇಳಿದರೂ ಮನೆಯ ಹಿರಿಯರು ಕೇಳುವುದಿಲ್ಲ.